ಮಂಗನ ಕಾಯಿಲೆಯ ಸಂಶೋಧನೆಗೆ ಜಿಲ್ಲೆಯಲ್ಲೇ ನೆಲೆ ಬೇಕು

ಮಾನ್ಯ ಸಂಪಾದಕರಿಗೆ,

ಮಂಗನ ಕಾಯಿಲೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ವರದಿಗಳನ್ನೂ ಓದುಗರ ಪತ್ರಗಳನ್ನೂ ಗಮನವಿಟ್ಟು ಓದಿದ್ದೇನೆ. ಹೊಸ ಲಸಿಕೆ ಯಾವಾಗ ಬರುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಏನೇನು ಸೌಲಭ್ಯವಿದೆ, ಈ ರೋಗ ತರುವ ಉಣುಗು (ಪ್ರಾಣಿಗಳ ರಕ್ತ ಹೀರುವ ಉಣ್ಣೆ) ಕಚ್ಚದಂತೆ ಮೈಗೆ ಹಚ್ಚುವ ತೈಲ ಊರೂರಿಗೆ ತಲುಪಿತೇ ಎಂಬ ಪ್ರಶ್ನೆಗಳು ಅವುಗಳಲ್ಲಿ ಮತ್ತೆ ಮತ್ತೆ ಬಂದಿವೆ. ಅವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಈ ರೋಗದ ವೈರಾಣು ಮನುಷ್ಯನನ್ನು ಮುಟ್ಟುವ ಮೊದಲು ವರ್ಷವಿಡೀ ಎಲ್ಲಿರುತ್ತದೆ, ಯಾವ ಪ್ರಾಣಿಯ ರಕ್ತದಿಂದ ಯಾವ ಪ್ರಾಣಿಯ ರಕ್ತಕ್ಕೆ ದಾಟುತ್ತದೆ, ಯಾವ ತಿಂಗಳಲ್ಲಿ ಯಾವ ಬೆಟ್ಟದ ಯಾವ ಅಂಚಿನಲ್ಲಿ ಅಪಾಯ ಹೆಚ್ಚು ಎಂಬುದನ್ನು ಕಾಡಿನಲ್ಲೇ ಓಡಾಡಿ ತಿಳಿದುಕೊಳ್ಳುವ ಸಂಶೋಧಕರ ಕೆಲಸಕ್ಕೆ ಈ ಚರ್ಚೆಯಲ್ಲಿ ಜಾಗವೇ ಸಿಕ್ಕಿಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕಾಡಂಚಿನಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನನಗೆ, ಲಸಿಕೆಯಷ್ಟೇ ಈ ಕೆಲಸವೂ ಮುಖ್ಯವೆಂದೂ, ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಕಾಯಂ ನೆಲೆಯೊಂದು ಬೇಕೆಂದೂ ಬಲವಾಗಿ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ರೋಗದ ಬಗ್ಗೆ ಇಂದು ನಮಗೆ ಗೊತ್ತಿರುವುದರ ಬಹುಪಾಲು ತಿಳಿದುಬಂದದ್ದು ಕಾಡಿನಲ್ಲೇ. 1957ರಲ್ಲಿ ನಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸಾಯತೊಡಗಿ, ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗರೂ ವಿಪರೀತ ಜ್ವರದಿಂದ ಮಲಗಿದಾಗ, ಪುಣೆಯ ವೈರಾಣು ಸಂಶೋಧನಾ ಕೇಂದ್ರದ ತಜ್ಞರು ಬಂದರು. ಮಂಗಗಳು ಸಾಯುತ್ತಿದ್ದುದರಿಂದ ಇದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರವೇ ಇರಬಹುದೆಂಬ ಭಯ ಮೊದಲಿಗೆ ಇತ್ತು. ಪರೀಕ್ಷಿಸಿದಾಗ ಕಂಡದ್ದು ರಷ್ಯಾದಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿಯಾದ ಹೊಸದೊಂದು ವೈರಾಣು. ಹಾಗಿದ್ದರೆ ಉತ್ತರದಿಂದ ವಲಸೆ ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆಸಿದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮದ ಹಿಂದೆ ಈ ಶಂಕೆಯೂ ಇತ್ತೆಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಶಂಕೆಗೆ ಆಧಾರ ಸಿಗಲಿಲ್ಲ. ಉತ್ತರವನ್ನು ನಮ್ಮ ಕಾಡಿನಲ್ಲೇ ಹುಡುಕಬೇಕಾಯಿತು.

ಹಾಗೆ ಹುಡುಕಿದವರಲ್ಲಿ ಇಬ್ಬರ ಹೆಸರನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಒಬ್ಬರು ಕೊಲಂಬಿಯಾ ದೇಶದ ಜಾರ್ಜ್ ಬೊಶೆಲ್. ಮರದ ನೆತ್ತಿಯಲ್ಲಿ ವಾಸಿಸುವ ಸೊಳ್ಳೆಗಳು, ಮರ ಉರುಳಿಸಿದಾಗ ಅದರೊಂದಿಗೆ ಕೆಳಗಿಳಿದು ಮರ ಕಡಿಯುವವರನ್ನೇ ಕಚ್ಚಿ ಹಳದಿ ಜ್ವರ ತರುತ್ತವೆ ಎಂಬುದನ್ನು ತಮ್ಮ ನಾಡಿನ ಕಾಡಿನಲ್ಲಿ ಕಣ್ಣಾರೆ ಕಂಡು ಬಂದವರು ಅವರು. ಇನ್ನೊಬ್ಬರು ಯುವಕರಾಗಿದ್ದಾಗಲೇ ಈ ಸೀಮೆಗೆ ಬಂದು ವರ್ಷಗಟ್ಟಲೆ ಉಣುಗುಗಳನ್ನು ಅಭ್ಯಸಿಸಿದ, ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದ ಡಾ. ಪಿ.ಕೆ. ರಾಜಗೋಪಾಲನ್. ವೈರಾಣು ಕೇಂದ್ರವು ಸಾಗರದಲ್ಲಿ ತೆರೆದಿದ್ದ ಕ್ಷೇತ್ರ ಠಾಣೆಯಿಂದ ಇವರೂ ಇವರ ಜೊತೆಗಾರರೂ ದಿನವೂ ಕಾಡಿಗೆ ಹೋಗಿ ಇಲಿ, ಮೂಗಿಲಿ, ಅಳಿಲು, ಹಕ್ಕಿ, ದನ, ಮಂಗ ಎಲ್ಲದರ ಮೈಯಿಂದ ಉಣುಗು ತೆಗೆದು ಲೆಕ್ಕವಿಟ್ಟರು. 1964ರಿಂದ 1973ರವರೆಗಿನ ಅವಧಿಯಲ್ಲಿ ಸಾವಿರಕ್ಕೂ ಹೆಚ್ಚು ಮಂಗಗಳ ಸಾವು ಈ ಕೇಂದ್ರದ ಕಡತದಲ್ಲಿ ದಾಖಲಾಗಿದೆ, ಮತ್ತು ಅವುಗಳಲ್ಲಿ ಬಹುಪಾಲು ನಾವು ಮುಸಿಯ ಎನ್ನುವ ಕರಿಮೋರೆಯವು. ಒಂದೊಂದು ಸಾವಿನ ಬಳಿಗೂ ಯಾರೋ ನಡೆದುಹೋಗಿ ನೋಡಿದ್ದರಿಂದಲೇ ಆ ದಾಖಲೆ ಉಳಿದಿದೆ.

ಬೊಶೆಲ್ ಅವರು 1969ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಇಂದಿಗೂ ನಮ್ಮ ಆಡಳಿತದ ಮೇಜಿನ ಮೇಲಿರಬೇಕಾದದ್ದು. ವೈರಾಣು ಕಾಡಿನ ಸಣ್ಣ ಪ್ರಾಣಿಗಳ ನಡುವೆ ಮೊದಲಿನಿಂದಲೂ ಸದ್ದಿಲ್ಲದೆ ಇದ್ದಿರಬಹುದು. ಜನಸಂಖ್ಯೆ ಹೆಚ್ಚಿ, ಕಾಡಿನ ನಡುನಡುವೆ ಗದ್ದೆಗಾಗಿ ಜಾಗ ತೆರವಾಗಿ, ಅಂಚಿನಲ್ಲಿ ಲಂಟಾನದ ಪೊದೆ ದಟ್ಟೈಸಿ, ಅಲ್ಲಿಗೆ ಇಲಿಗಳೂ ಮೇವಿಗೆ ಬಿಟ್ಟ ದನಗಳೂ ಬಂದು ಸೇರಿದಾಗ ಉಣುಗಿನ ಸಂಖ್ಯೆ ಬೆಳೆಯಿತು, ಮತ್ತು ಆ ಅಂಚಿನಲ್ಲೇ ದುಡಿಯುವ ಮನುಷ್ಯನಿಗೆ ರೋಗ ತಗುಲಿತು ಎಂಬುದು ಅವರ ವಿವರಣೆ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಪಿಗಾಗಿ ಕಾಡು ಕಡಿದ ಜಾಗದ ಸುತ್ತ ಭೀಕರವಾಗಿ ರೋಗ ಹಬ್ಬಿದಾಗ ಈ ವಿವರಣೆಯನ್ನು ನೆನಪಿಸಿಕೊಂಡವರು ಬಹಳ ಮಂದಿ. ನೆನಪಿಸಿಕೊಂಡದ್ದೇ ಹೊರತು, ಆಮೇಲೆ ಕಾಡು ತೆರವು ಮಾಡುವ ಮೊದಲು ಅಲ್ಲಿನ ಉಣುಗಿನ ಸ್ಥಿತಿ ನೋಡಬೇಕೆಂಬ ಪದ್ಧತಿ ನಮ್ಮಲ್ಲಿ ಬರಲಿಲ್ಲ.

ಉಣುಗಿನ ಬದುಕಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾಡಿಗೆ ಹೋಗುವವರಿಗೆ ಇದಕ್ಕಿಂತ ಉಪಯೋಗದ ತಿಳಿವಳಿಕೆ ಬೇರೆ ಇಲ್ಲ. ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಈ ಉಣುಗು ತನ್ನ ಆಯುಷ್ಯದಲ್ಲಿ ಮೂರು ಸಲ, ಮೂರು ಬೇರೆ ಬೇರೆ ಪ್ರಾಣಿಗಳ ಮೇಲೆ ರಕ್ತ ಹೀರುತ್ತದೆ. ಬೆಳೆದ ಉಣುಗು ಮಳೆಗಾಲದ ಹೊತ್ತಿನಲ್ಲಿ ದನ, ಕಾಡುಪ್ರಾಣಿಗಳಂಥ ದೊಡ್ಡ ಮೈಗಳನ್ನು ಹಿಡಿದು ಹೊಟ್ಟೆ ತುಂಬಿಸಿಕೊಂಡು, ನೆಲಕ್ಕೆ ಉದುರಿ ದರಕಿನ (ಉದುರಿದ ಒಣ ಎಲೆಯ) ಅಡಿಯಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಹಿಂದಾದ ಮೇಲೆ ಮೊಟ್ಟೆಯೊಡೆದು ಬರುವ ಮರಿಗಳು ಇಲಿ, ಮೂಗಿಲಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಾಣು ಇದ್ದರೆ ಮರಿಗೆ ಅದು ಸೇರಿ, ಪೊರೆ ಕಳಚಿ ಎರಡನೆಯ ಹಂತಕ್ಕೆ ಬಂದ ಮೇಲೂ ಒಳಗೇ ಉಳಿಯುತ್ತದೆ. ಈ ಎರಡನೆಯ ಹಂತದ ಉಣುಗನ್ನು ಸಂಶೋಧಕರು ನಿಂಫ್ ಎನ್ನುತ್ತಾರೆ. ನಮಗೆ ರೋಗ ಅಂಟಿಸುವುದು ಮುಖ್ಯವಾಗಿ ಇದೇ. ನವೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಒಣಹವೆಯ ಕಾಲದಲ್ಲಿ, ಇದರ ಓಡಾಟ. ದನಗಳು ಬೆಳೆದ ಉಣುಗಿಗೆ ಊಟವಾಗಿ ಅದರ ಸಂತತಿಯನ್ನು ಹೆಚ್ಚಿಸುತ್ತವೆಯೇ ಹೊರತು ಅವುಗಳ ರಕ್ತದಲ್ಲಿ ವೈರಾಣು ಹೆಚ್ಚಾಗಿ ಬೆಳೆಯುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ಇಷ್ಟನ್ನು ಪ್ರತಿ ಮನೆಗೂ ತಿಳಿಸಿದ್ದರೆ, ರೋಗಿಯಿದ್ದ ಮನೆಯವರನ್ನು ಮದುವೆ-ಮುಂಜಿಗೆ ಕರೆಯಲು ಹಿಂದೆಮುಂದೆ ನೋಡುವ ಅನ್ಯಾಯವಾದರೂ ತಪ್ಪುತ್ತಿತ್ತು.

ಈಗ ಉಣುಗಿನ ಈ ಪಂಚಾಂಗದ ಪಕ್ಕದಲ್ಲಿ ನಮ್ಮ ದುಡಿಮೆಯ ಪಂಚಾಂಗವನ್ನು ಇಟ್ಟು ನೋಡಬೇಕು. ಘಟ್ಟದ ಮೇಲಿನ ನಮ್ಮ ತಾಲ್ಲೂಕುಗಳಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು-ದರಕು ತರಲು ಬಿಟ್ಟ ಕಾಡಿನ, ಸೌಲಭ್ಯ ಇರುವುದು ಎಲ್ಲರಿಗೂ ಗೊತ್ತು. ತೋಟಕ್ಕೆ ಗೊಬ್ಬರ ಬೇಕೆಂದರೆ ಕೊಟ್ಟಿಗೆಗೆ ದರಕು ಬೇಕು, ದರಕು ಬೇಕೆಂದರೆ ಬೆಟ್ಟಕ್ಕೆ ಹೋಗಬೇಕು. ಅದು ಉದುರುವುದೂ, ನಾವು ಅದನ್ನು ಗುಡಿಸಿ ಒಟ್ಟಿ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರುವುದೂ ಬೇಸಗೆಯ ಈ ತಿಂಗಳುಗಳಲ್ಲೇ. ಕೊನೆಕೊಯ್ಲು, ಮಳೆಗಾಲಕ್ಕೆ ಸೌದೆ ಕೂಡಿಡುವುದು, ಸೀಗೆಕಾಯಿ, ಮುರುಗಲು, ಜೇನು ಹುಡುಕುವುದು, ಕರಾವಳಿಯ ಕಡೆ ಗೇರುಬೀಜ ಹೆಕ್ಕುವುದು, ಎಲ್ಲವೂ ನಿಂಫ್ ಓಡಾಡುವ ಕಾಲಕ್ಕೇ ಬೀಳುತ್ತವೆ. ಹಾಗಿದ್ದಮೇಲೆ ‘ಕಾಡಿಗೆ ಹೋಗಬೇಡಿ’ ಎಂಬ ಫಲಕವನ್ನು ಊರ ಬಾಗಿಲಲ್ಲಿ ನಿಲ್ಲಿಸುವುದರಿಂದ ಯಾರಿಗೆ ಪ್ರಯೋಜನ? ದರಕು ತರುವ ಕೆಲಸ ಹೆಚ್ಚಾಗಿ ಹೆಣ್ಣಾಳುಗಳದ್ದು, ದಿನಗೂಲಿಯವರದ್ದು. ಅವರು ಮನೆಯಲ್ಲಿ ಕುಳಿತರೆ ಅಂದಿನ ಕೂಲಿ ಹೋಯಿತು. ಯಾವ ಬೆಟ್ಟಕ್ಕೆ ಈ ವಾರ ಹೋಗಬಾರದು, ಯಾವುದಕ್ಕೆ ಹೋಗಬಹುದು, ಹೋಗುವಾಗ ಏನು ಮಾಡಬೇಕು ಎಂದು ಖಚಿತವಾಗಿ ಹೇಳುವವರು ಬೇಕು. ಅದನ್ನು ಹೇಳಬೇಕಾದರೆ ಆ ಬೆಟ್ಟಗಳಲ್ಲಿ ಉಣುಗನ್ನು ಎಣಿಸುವವರಿರಬೇಕು.

ಹಾಗೆ ಎಣಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ವನ್ಯಜೀವಿ ಪರಿಸರವನ್ನೂ ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗಗಳನ್ನೂ ಒಟ್ಟಿಗೆ ಅಭ್ಯಸಿಸುವ ಸಂಶೋಧಕಿಯೊಬ್ಬರು ನಮ್ಮೂರಿನಲ್ಲಿ ಕೆಲವು ಹಂಗಾಮು ಉಳಿದಿದ್ದರು. ಬೆಳಗಿನ ಇಬ್ಬನಿ ಆರಿದ ಮೇಲೆ ಅವರು ನಮ್ಮ ಬೆಟ್ಟದ ಕಾಲುದಾರಿಗೆ ಬರುತ್ತಿದ್ದರು. ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ತುರುಕಿ, ಕೋಲಿಗೆ ಕಟ್ಟಿದ ಬಿಳಿಯ ದಪ್ಪ ಬಟ್ಟೆಯೊಂದನ್ನು ದರಕಿನ ಮೇಲೆ ನಿಧಾನವಾಗಿ ಎಳೆಯುತ್ತ ಅಳೆದಿಟ್ಟ ದೂರ ಹೋಗಿ ನಿಲ್ಲುವುದು, ಬಟ್ಟೆಯನ್ನು ಮಗುಚಿ ನೆರಳಿನಲ್ಲಿ ಹರಡಿ, ಅದರ ಮೇಲೆ ಹರಿಯುವ ಎಳ್ಳುಕಾಳಿನಷ್ಟೂ ಇಲ್ಲದ ಚುಕ್ಕೆಗಳನ್ನು ಚಿಮಟಿಯಿಂದ ಒಂದೊಂದಾಗಿ ಹಿಡಿದು ಸಣ್ಣ ಶೀಶೆಗೆ ಹಾಕುವುದು, ಪೆನ್ಸಿಲಿನಲ್ಲಿ ಚೀಟಿ ಬರೆದು ಅದರೊಳಗೆ ಇಳಿಸುವುದು, ಮತ್ತೆ ಮುಂದಿನ ತುಂಡಿಗೆ ಹೋಗುವುದು. ದನಗಳು ಮಧ್ಯಾಹ್ನ ಮಲಗುವ ಮರದಡಿ, ಹಳ್ಳದ ಅಂಚು, ತೋಟದ ಬೇಲಿಯ ಹೊರಗಿನ ಪಟ್ಟಿ, ದಟ್ಟ ಕಾಡಿನ ಒಳಗು, ಪ್ರತಿಯೊಂದಕ್ಕೂ ಬೇರೆ ಬೇರೆ ಶೀಶೆ, ಬೇರೆ ಪುಟ. ಸಂಜೆ ಕೊಬ್ಬರಿ ಚೂರು ಇಟ್ಟ ಬೋನುಗಳನ್ನು ಹೊಂದಿಸಿ ಬೆಳಗಾಗುತ್ತಲೇ ಹೋಗಿ ಸಿಕ್ಕ ಇಲಿಯ ಕಿವಿಯಂಚನ್ನು ಭೂತಗನ್ನಡಿಯಲ್ಲಿ ನೋಡಿ ಉಣುಗು ತೆಗೆದು, ಇಲಿಯನ್ನು ಹಿಡಿದ ಜಾಗದಲ್ಲೇ ಬಿಟ್ಟು ಬರುತ್ತಿದ್ದರು. ನಮ್ಮ ಮನೆಯ ಕೆಲಸಕ್ಕೆ ಬರುವ ಹೆಣ್ಣುಮಗಳೊಬ್ಬಳು ಮೊದಮೊದಲು ದೂರ ನಿಂತು ನೋಡುತ್ತಿದ್ದವಳು, ಕೊನೆಗೆ ಬಟ್ಟೆಯ ಮೇಲಿನ ಮರಿ ಯಾವುದು, ನಿಂಫ್ ಯಾವುದು ಎಂದು ಅವರಿಗಿಂತ ಮೊದಲೇ ಹೇಳುವಷ್ಟು ಪಳಗಿದಳು. ಮರಿಗೆ ಆರು ಕಾಲು, ನಿಂಫ್‌ಗೆ ಎಂಟು. ಅದು ತಿಳಿದ ಮೇಲೆ ಬೆಟ್ಟದಿಂದ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರು-ಸೋಪಿನಲ್ಲಿ ಮೈ ತೊಳೆಯುವುದನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ, ತನ್ನ ಕೇರಿಯವರಿಗೂ ಬಿಡಲಿಲ್ಲ. ಆರೋಗ್ಯ ಶಿಕ್ಷಣ ಎಂದರೆ ಇದೇ ಎಂದು ನಾನು ತಿಳಿದಿದ್ದೇನೆ.

ಯೋಜನೆಯ ಅವಧಿ ಮುಗಿಯಿತು, ಅವರು ಹೋದರು. ಇದು ಅವರ ದೋಷವಲ್ಲ. ಎರಡು-ಮೂರು ವರ್ಷಕ್ಕೆಂದು ಅನುದಾನ ಬರುತ್ತದೆ, ಅದು ಮುಗಿದ ದಿನ ಬಿಳಿಬಟ್ಟೆ ಮಡಚಬೇಕಾಗುತ್ತದೆ. ಆದರೆ ಉಣುಗಿನ ಏರಿಳಿತ ಹತ್ತಾರು ವರ್ಷಗಳ ಲೆಕ್ಕದಲ್ಲಿ ನೋಡಬೇಕಾದ ಸಂಗತಿ. ಒಂದು ವರ್ಷ ಮಳೆ ತಡವಾಗಿ ಹಿಂದಾದರೆ ಮರಿಗಳು ಯಾವಾಗ ಏಳುತ್ತವೆ, ಮಂಗಗಳು ಹೆಚ್ಚಾಗಿ ಸತ್ತು ಉಳಿದವುಗಳಿಗೆ ರೋಗ ತಡೆಯುವ ಶಕ್ತಿ ಬಂದ ಮೇಲೆ ಎಷ್ಟು ವರ್ಷ ಆ ಕಾಡು ಸುಮ್ಮನಿರುತ್ತದೆ, ಮತ್ತೆ ಮಂಗಗಳ ಹೊಸ ಮರಿಗಳು ಬೆಳೆದು ಯಾವಾಗ ರೋಗ ತಲೆಯೆತ್ತುತ್ತದೆ ಎಂಬ ಪ್ರಶ್ನೆಗಳಿಗೆ ಬಂದುಹೋಗುವವರಿಂದ ಉತ್ತರ ಸಿಗುವುದಿಲ್ಲ.

ಮಂಗಗಳ ವಿಷಯಕ್ಕೆ ಬರುತ್ತೇನೆ. ಕಾಯಿಲೆ ತಪ್ಪಬೇಕಾದರೆ ಮಂಗಗಳನ್ನೆಲ್ಲ ಹಿಡಿದು ಸಾಗಿಸಬೇಕೆಂಬ ಮಾತು ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಏಲಕ್ಕಿ, ಬಾಳೆ, ಎಳನೀರು, ಅಡಿಕೆಯ ಎಳೆಕಾಯಿ ಯಾವುದನ್ನೂ ಉಳಿಸದ ಅವುಗಳ ಹಾವಳಿಯಿಂದ ನಾನೂ ಕಷ್ಟ ಪಟ್ಟಿದ್ದೇನೆ, ಬೆಳೆಹಾನಿಗೆ ನ್ಯಾಯವಾದ ಪರಿಹಾರ ಸಿಗಲೇಬೇಕು. ಆದರೆ ರೋಗದ ಹೆಸರಿನಲ್ಲಿ ಮಂಗಗಳನ್ನು ಒಂದು ಕಾಡಿನಿಂದ ಇನ್ನೊಂದಕ್ಕೆ ಒಯ್ದರೆ, ಅವುಗಳ ಮೈಮೇಲಿನ ಉಣುಗನ್ನೂ ಜೊತೆಗೇ ಒಯ್ದಂತಾಗುತ್ತದೆ. ವೈರಾಣು ಇಲಿ ಮತ್ತು ಉಣುಗಿನ ನಡುವೆ ಇಲ್ಲಿ ಉಳಿದೇ ಇರುತ್ತದೆ. ಮಂಗ ಈ ರೋಗಕ್ಕೆ ನಮಗಿಂತ ಸುಲಭವಾಗಿ ಬಲಿಯಾಗುವ ಪ್ರಾಣಿ. ಅದು ಸತ್ತು ಬಿದ್ದಾಗ ಮೈಮೇಲಿದ್ದ ವೈರಾಣು ಹೊತ್ತ ಉಣುಗುಗಳೆಲ್ಲ ಅಲ್ಲೇ ಸುತ್ತ ಇಳಿದು, ಆ ಜಾಗ ಬಹಳ ದಿನ ಅಪಾಯದ ಜಾಗವಾಗಿ ಉಳಿಯುತ್ತದೆ. ಆದ್ದರಿಂದ ಮಂಗದ ಸಾವು ಎಲ್ಲಿ, ಯಾವಾಗ ಆಯಿತೆಂಬ ಸುದ್ದಿ ನಮಗೆ ಸಿಗುವ ಮೊದಲ ಎಚ್ಚರಿಕೆ. ಅಘನಾಶಿನಿ ಕೊಳ್ಳದಲ್ಲಿ ಸಿಂಗಳೀಕಗಳಿಗಾಗಿಯೇ ಸಂರಕ್ಷಿತ ಪ್ರದೇಶವಿರುವ ಜಿಲ್ಲೆ ನಮ್ಮದು. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಕಾಣಸಿಗದ ಆ ಪ್ರಾಣಿಗಳ ಮೇಲೂ ನಿಗಾ ಬೇಕಲ್ಲವೇ?

ಆ ಎಚ್ಚರಿಕೆಯನ್ನು ನಾವು ಹೇಗೆ ಬಳಸಿಕೊಳ್ಳುತ್ತಿದ್ದೇವೆ ಎಂಬುದಕ್ಕೆ ನನ್ನ ಅನುಭವವೊಂದನ್ನು ಹೇಳುತ್ತೇನೆ. ನಮ್ಮ ತೋಟದ ಮೇಲಿನ ಹಳ್ಳದ ಬಳಿ ಮುಸಿಯವೊಂದು ಸತ್ತು ಬಿದ್ದಿದ್ದನ್ನು ಕಂಡು ಕೂಡಲೇ ಕಚೇರಿಯೊಂದಕ್ಕೆ ದೂರವಾಣಿ ಮಾಡಿದೆ. ಅಲ್ಲಿಂದ ಇನ್ನೊಂದು ಇಲಾಖೆಗೆ ಹೇಳಬೇಕೆಂಬ ಉತ್ತರ ಬಂತು, ಆ ಇಲಾಖೆಯವರು ಮೂರನೆಯವರನ್ನು ತೋರಿಸಿದರು. ಕೊನೆಗೆ ಸಿಬ್ಬಂದಿ ಬರುವ ಹೊತ್ತಿಗೆ ದೇಹ ಕೊಳೆತು, ಪರೀಕ್ಷೆಗೆ ಯೋಗ್ಯವಾದ ಮಾದರಿ ತೆಗೆಯುವ ಸ್ಥಿತಿಯಲ್ಲಿರಲಿಲ್ಲ. ಸುಟ್ಟು, ಸುತ್ತ ಕೀಟನಾಶಕದ ಪುಡಿ ಎರಚಿ ಹೋದರು. ಅದು ಕಾಯಿಲೆಯಿಂದಲೇ ಸತ್ತಿತೋ, ವಿದ್ಯುತ್ ತಂತಿ ತಗುಲಿ ಸತ್ತಿತೋ ಇಂದಿಗೂ ಯಾರಿಗೂ ಗೊತ್ತಿಲ್ಲ. ಬಂದ ಸಿಬ್ಬಂದಿ ಸಜ್ಜನರು, ತಮ್ಮ ಕೈಲಾದದ್ದನ್ನು ಮಾಡಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಅರಣ್ಯ, ಪಶುಸಂಗೋಪನೆ, ಆರೋಗ್ಯ ಎಂಬ ಮೂರು ಇಲಾಖೆಗಳ ನಡುವೆ ಒಂದು ಸತ್ತ ಮಂಗಕ್ಕೆ ಹೊಣೆಗಾರರು ಯಾರೆಂಬುದು ಇತ್ಯರ್ಥವಾಗದಿರುವುದು ನನ್ನ ದೂರು.

ಸಂಶೋಧನೆಯಿಂದ ಏನು ದಕ್ಕಬಹುದು ಎಂಬುದಕ್ಕೆ ಈಚಿನ ಉದಾಹರಣೆ ಕಣ್ಣೆದುರೇ ಇದೆ. ಬ್ರಿಟನ್ನಿನ ಪರಿಸರ ವಿಜ್ಞಾನಿ ಬೆಥನ್ ಪರ್ಸ್ ಅವರೂ, ಪರಿಸರ ಸಂಶೋಧನೆ ನಡೆಸುವ ಬೆಂಗಳೂರಿನ ಏಟ್ರೀ ಸಂಸ್ಥೆ ಸೇರಿದಂತೆ ನಮ್ಮ ದೇಶದ ಸಂಶೋಧಕರೂ ಕೂಡಿ, ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನೂ ಜೊತೆಗೆ ಕೂರಿಸಿಕೊಂಡು ಮಂಗನ ಕಾಯಿಲೆಯ ಅಪಾಯದ ನಕ್ಷೆಯೊಂದನ್ನು ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದರು. ತೇವದ ನಿತ್ಯಹರಿದ್ವರ್ಣ ಕಾಡೂ ನೆಡುತೋಪುಗಳೂ ಒಂದರೊಳಗೊಂದು ಬೆರೆತಿರುವ, ನಾಟಿ ದನಗಳು ಹೆಚ್ಚಿರುವ ಪ್ರದೇಶಗಳಲ್ಲಿ ಮನುಷ್ಯರಿಗೆ ಅಪಾಯ ಹೆಚ್ಚೆಂದೂ, ಒಣ ಎಲೆಯುದುರುವ ಕಾಡು ಹೆಚ್ಚಿರುವಲ್ಲಿ ಕಡಿಮೆಯೆಂದೂ ಅವರಿಗೆ ಕಂಡುಬಂದಿತು. ಇದನ್ನು ಓದಿದಾಗ ನನಗೆ ನಮ್ಮ ಸಿದ್ದಾಪುರ, ಶಿರಸಿ, ಹೊನ್ನಾವರದ ಘಟ್ಟದ ಅಂಚು ಇದ್ದಕ್ಕಿದ್ದಂತೆ ಕಣ್ಣಮುಂದೆ ಬಂತು. ತೋಟ, ಅದರ ಮೇಲೆ ಬೆಟ್ಟ, ಅದರಾಚೆ ಅಕೇಶಿಯಾ ನೆಡುತೋಪು, ಮತ್ತೆ ದಟ್ಟ ಕಾಡು, ನಡುವೆ ಮಲೆನಾಡು ಗಿಡ್ಡ ದನಗಳು ಮೇಯುವ ಬೇಣ. 2024ರ ಮೊದಲ ತಿಂಗಳುಗಳಲ್ಲಿ ನಮ್ಮ ತಾಲ್ಲೂಕಿನಲ್ಲಿ ಒಂದರ ಹಿಂದೊಂದು ಪ್ರಕರಣ ಬಂದದ್ದೂ ಇಂಥ ನೆಲದಲ್ಲೇ.

ಹಾಗೆಂದು ಇಂಥ ನಕ್ಷೆಯನ್ನು ಹಿಡಿದು ಗಿಡ್ಡ ದನ ಸಾಕುವವರನ್ನೂ ಬೆಟ್ಟ ಬಳಸುವವರನ್ನೂ ಅಪರಾಧಿಗಳೆಂದು ನಿಲ್ಲಿಸುವುದು ತಪ್ಪಾಗುತ್ತದೆ. ನಕ್ಷೆ ತೋರಿಸುವುದು ಯಾವುದರ ಜೊತೆ ಯಾವುದು ಕಾಣಿಸಿಕೊಳ್ಳುತ್ತದೆ ಎಂಬುದನ್ನು. ಇಡೀ ಜಿಲ್ಲೆಗೆ ಅನ್ವಯಿಸುವ ಆ ಸಂಬಂಧ ನಮ್ಮೂರಿನ ಒಂದೊಂದು ಬೆಟ್ಟದಲ್ಲಿ ಹೇಗೆ ನಡೆಯುತ್ತದೆ, ದನಕ್ಕೆ ಉಣುಗಿನ ಔಷಧಿ ಯಾವ ತಿಂಗಳಲ್ಲಿ ಹಚ್ಚಿದರೆ ಮುಂದಿನ ವರ್ಷದ ಮರಿ ಕಡಿಮೆಯಾಗುತ್ತದೆ, ಕಾಲುದಾರಿಯ ಇಕ್ಕೆಲದ ದರಕನ್ನು ಮೊದಲೇ ಸರಿಸಿದರೆ ಪ್ರಯೋಜನವಿದೆಯೇ ಎಂಬುದನ್ನು ನೆಲದ ಮೇಲೆಯೇ ಪರೀಕ್ಷಿಸಿ ನೋಡಬೇಕು. ತಲೆಮಾರುಗಳಿಂದ ಬೆಟ್ಟ ಕಾಯ್ದುಕೊಂಡು ಬಂದವರ ತಿಳಿವಳಿಕೆಯೂ ಆ ಪರೀಕ್ಷೆಗೆ ಬೇಕಾಗುತ್ತದೆ.

ಲಸಿಕೆಯ ಬಗ್ಗೆ ಒಂದು ಮಾತು. ದಶಕಗಳ ಕಾಲ ನಮಗೆ ಕೊಟ್ಟ ಹಳೆಯ ಲಸಿಕೆಯನ್ನು 2005ರಿಂದ 2010ರವರೆಗಿನ ಮಾಹಿತಿಯ ಮೇಲೆ ಪರಿಶೀಲಿಸಿದಾಗ, ಎರಡು ಡೋಸ್ ಪಡೆದವರಲ್ಲಿ ಅದರ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 83ರಷ್ಟು ಎಂದು ಕಂಡಿತ್ತು. ಚುಚ್ಚಿದ ಜಾಗ ವಿಪರೀತ ನೋಯುತ್ತಿದ್ದುದರಿಂದ ಮತ್ತೆ ಮತ್ತೆ ಹಾಕಿಸಿಕೊಳ್ಳಲು ಜನ ಬರಲಿಲ್ಲ. 2022ರಲ್ಲಿ ಅದರ ಬಳಕೆಯೇ ನಿಂತಿತು. ಹೊಸದನ್ನು ಸಿದ್ಧಪಡಿಸುವ ಕೆಲಸದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತೊಡಗಿದೆ, ಅದು ಬೇಗ ಕೈಗೂಡಲೆಂದು ಹಾರೈಸುತ್ತೇನೆ. ಈ ರೋಗಕ್ಕೆ ನೇರವಾದ ಔಷಧಿಯೂ ಇಲ್ಲ. ಜ್ವರ ಬಂದವರಿಗೆ ದ್ರವಾಂಶ ಕಾಯ್ದುಕೊಳ್ಳುವುದು, ರಕ್ತಸ್ರಾವವಾದರೆ ನಿಭಾಯಿಸುವುದು, ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಲ್ಲಿ ತಲೆನೋವು, ನಡುಕ, ಮಂಪರಿನೊಡನೆ ಮರಳಿ ಬರುವ ಎರಡನೆಯ ಸುತ್ತನ್ನು ಎದುರಿಸುವುದು, ಇಷ್ಟೇ ವೈದ್ಯರ ಕೈಯಲ್ಲಿರುವುದು. ಲಸಿಕೆಯೂ ಔಷಧಿಯೂ ಇಲ್ಲದ ಈ ಹೊತ್ತಿನಲ್ಲಿ ಕಡಿತ ತಪ್ಪಿಸುವುದೊಂದೇ ದಾರಿ, ಮತ್ತು ಆ ದಾರಿಯನ್ನು ತೋರಿಸಬೇಕಾದವರು ಉಣುಗನ್ನು ಬಲ್ಲವರು.

ಇದು ಘಟ್ಟದ ಮೇಲಿನವರ ತೊಂದರೆ ಮಾತ್ರ ಎಂದು ಕರಾವಳಿಯ ಓದುಗರು ಭಾವಿಸಬಾರದು. ಹೊನ್ನಾವರ, ಭಟ್ಕಳ, ಕುಮಟಾ, ಅಂಕೋಲಾ ತಾಲ್ಲೂಕುಗಳ ಘಟ್ಟದ ಬುಡದ ಊರುಗಳಲ್ಲೂ ಈ ರೋಗ ಕಂಡಿದೆ. ಕಾರವಾರದಾಚೆ 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನಲ್ಲೂ, ಮರುವರ್ಷ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಅದು ಹಬ್ಬಿದಾಗ ಬಹಳಷ್ಟು ಮಂದಿ ಗೇರು ತೋಪುಗಳಲ್ಲಿ ಕೆಲಸ ಮಾಡಿದವರೇ ಆಗಿದ್ದರು. ಅದಕ್ಕೂ ಮೊದಲು 2012-13ರ ಸುಮಾರಿಗೆ ಬಂಡೀಪುರ, ನೀಲಗಿರಿ, ವಯನಾಡುಗಳಲ್ಲಿ ಕಾಣಿಸಿಕೊಂಡಿತು. ಸೊರಬದ ಒಂದು ಕಾಡಿನ ಹೆಸರು ಹೊತ್ತ ರೋಗ ಇಂದು ಸಹ್ಯಾದ್ರಿಯ ಉದ್ದಕ್ಕೂ ಇದೆ, ಮತ್ತು ನಮ್ಮ ಜಿಲ್ಲೆ ಅದರ ನಟ್ಟನಡುವೆ ಇದೆ. ಗದ್ದೆಗಿಳಿಯುವವರನ್ನು ಮಳೆಗಾಲದಲ್ಲಿ ಕಾಡುವ ಇಲಿಜ್ವರವೂ, 2018ರಲ್ಲಿ ಕೇರಳದಲ್ಲಿ ಬಾವಲಿಗಳಿಂದ ಬಂದ ನಿಪಾ ಸೋಂಕೂ ಇದೇ ಬಗೆಯ ಅಧ್ಯಯನವನ್ನು ಬೇಡುವಂಥವು.

ಇಂಥ ನೆಲೆಯೊಂದನ್ನು ಕಟ್ಟಲು ನಾವು ಶೂನ್ಯದಿಂದ ಆರಂಭಿಸಬೇಕಾಗಿಲ್ಲ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಭಾಗದವರು ಕ್ಷೇತ್ರ ಕೇಂದ್ರ ಇಟ್ಟುಕೊಂಡು ನಮ್ಮ ಕಾಡು, ಹಿನ್ನೀರುಗಳ ಬಗ್ಗೆ ಕೆಲಸ ಮಾಡಿದ್ದಾರೆ. ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ವಿಭಾಗವೊಂದು ದಶಕಗಳಿಂದ ಸಮುದ್ರವನ್ನು ಅಭ್ಯಸಿಸುತ್ತಿದೆ. ನಮ್ಮ ಸಮುದ್ರಕ್ಕೆ ಅಂಥ ಖಾಯಂ ವಿಭಾಗ ಸಾಧ್ಯವಾದರೆ, ನಮ್ಮ ಕಾಡಿನ ರೋಗಗಳಿಗೆ ಏಕೆ ಸಾಧ್ಯವಾಗಬಾರದು? ಶಿವಮೊಗ್ಗದ ಪ್ರಯೋಗಾಲಯ ಇಷ್ಟು ವರ್ಷ ರಕ್ತ ಪರೀಕ್ಷೆಯ ಭಾರ ಹೊತ್ತಿದೆ, ಬೆಳಗಾವಿಯಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯದೇ ಸಂಸ್ಥೆಯಿದೆ. ಇವುಗಳ ಜೊತೆ ಕೈಜೋಡಿಸಿ, ಶಿರಸಿ ಅಥವಾ ಸಿದ್ದಾಪುರದಲ್ಲಿ ಸಣ್ಣದೊಂದು ಕ್ಷೇತ್ರ ಠಾಣೆ ತೆರೆದರೆ ಸಾಕು. ಬಹುಮಹಡಿ ಕಟ್ಟಡ ಬೇಡ. ಒಬ್ಬ ವನ್ಯಜೀವಿ ಪರಿಸರ ತಜ್ಞ, ಒಬ್ಬ ಪಶುವೈದ್ಯ, ಒಬ್ಬ ಕೀಟತಜ್ಞ, ಮಾದರಿ ಕೆಡದಂತೆ ಇಡುವ ಶೀತಲ ವ್ಯವಸ್ಥೆ, ಒಂದು ವಾಹನ, ಜೊತೆಗೆ ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರು. ಅಪಾಯಕಾರಿ ವೈರಾಣುವನ್ನು ಬೆಳೆಸಿ ನೋಡುವ ಕೆಲಸ ಅದಕ್ಕೆ ತಕ್ಕ ಸುರಕ್ಷತೆಯಿರುವ ಪುಣೆಯಂಥ ಕಡೆಯೇ ನಡೆಯಲಿ.

ಕುಣಬಿ, ಸಿದ್ದಿ, ಗೌಳಿ, ಹಾಲಕ್ಕಿ, ಕರೆ ಒಕ್ಕಲಿಗ ಸಮುದಾಯ ಸೇರಿದಂತೆ ಕಾಡನ್ನು ಹೆಜ್ಜೆಹೆಜ್ಜೆಗೂ ಬಲ್ಲ ಎಷ್ಟೋ ಮಕ್ಕಳು ಪಿಯುಸಿ, ಪದವಿ ಮುಗಿಸಿ ಊರಲ್ಲಿದ್ದಾರೆ ಅಥವಾ ಗೋವೆಗೂ ಬೆಂಗಳೂರಿಗೂ ಹೋಗಿದ್ದಾರೆ. ಅವರಿಗೆ ಗೌರವದ ಸಂಬಳ ಕೊಟ್ಟು ಕ್ಷೇತ್ರ ಸಹಾಯಕರನ್ನಾಗಿ ನೇಮಿಸಿಕೊಂಡರೆ, ಬೇಸಗೆ ಪೂರ್ತಿ ವಾರಕ್ಕೊಮ್ಮೆ ಗೊತ್ತುಮಾಡಿದ ಬೆಟ್ಟಗಳಲ್ಲಿ ಬಟ್ಟೆ ಎಳೆದು ಉಣುಗಿನ ಲೆಕ್ಕ ಕೊಡಬಲ್ಲರು. ಆ ಲೆಕ್ಕ ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಹಾಲಿನ ಡೇರಿಯ ಗೋಡೆಯ ಮೇಲೆ, ಸೊಸೈಟಿಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದಿರಬೇಕು. ಇಷ್ಟು ವರ್ಷ ನಮ್ಮ ಬೆಟ್ಟದಿಂದ ಉಣುಗೂ, ನಮ್ಮ ತೋಳಿನಿಂದ ರಕ್ತವೂ ಹೋಗಿವೆ. ಅದರಿಂದ ತಿಳಿದದ್ದೇನೆಂಬ ಹಾಳೆ ಮಾತ್ರ ಊರಿಗೆ ಮರಳಿದ್ದು ಬಹಳ ಕಡಿಮೆ. ಸಂಶೋಧಕರ ಬಗ್ಗೆ ಇರುವ ಗೌರವದಿಂದಲೇ ಈ ಮಾತನ್ನು ಹೇಳುತ್ತಿದ್ದೇನೆ.

ಸತ್ತ ಮಂಗದ ಸುದ್ದಿ ತಿಳಿಸಲು ಇಡೀ ಜಿಲ್ಲೆಗೆ ಒಂದೇ ದೂರವಾಣಿ ಸಂಖ್ಯೆ ಇರಲಿ, ಅದಕ್ಕೆ ಓಗೊಡುವ ಹೊಣೆ ಈ ಠಾಣೆಯ ಪಶುವೈದ್ಯರದಾಗಲಿ. ತೈಲವನ್ನು ಮೊದಲ ಸಾವು ಸುದ್ದಿಯಾದ ಮೇಲೆ ಜನವರಿಯಲ್ಲಿ ಹಂಚಿ ಫಲವಿಲ್ಲ. ಮರಿಗಳು ಏಳುವ ಹೊತ್ತಿಗೇ, ದೀಪಾವಳಿಯ ಒಳಗೆ, ಮನೆಮನೆಗೆ ಮುಟ್ಟಿರಬೇಕು. ಕೊಯ್ಲಿಗೆ, ರಸ್ತೆ ಕೆಲಸಕ್ಕೆ ಬಯಲುಸೀಮೆಯಿಂದಲೂ ಹೊರರಾಜ್ಯದಿಂದಲೂ ಬಂದವರಿಗೆ ಉಣುಗಿನ ಪರಿಚಯವೇ ಇರುವುದಿಲ್ಲವಾದ್ದರಿಂದ ಅವರನ್ನು ಮೊದಲು ತಲುಪಬೇಕು. ಒಂದು ಬೆಟ್ಟವನ್ನು ಅಪಾಯದ ಜಾಗವೆಂದು ಮುಚ್ಚಿದರೆ ಅಲ್ಲಿ ದುಡಿಯುವವರಿಗೆ ಆ ದಿನಗಳ ಕೂಲಿ ತುಂಬಿಕೊಡುವ ವ್ಯವಸ್ಥೆಯಾಗಬೇಕು, ಇಲ್ಲದಿದ್ದರೆ ಕದ್ದು ಹೋಗುವುದು ತಪ್ಪದು.

ಆರೋಗ್ಯ, ಅರಣ್ಯ ಮತ್ತು ಪಶುಸಂಗೋಪನೆ ಸಚಿವರೂ, ಜಿಲ್ಲಾಧಿಕಾರಿಗಳೂ, ನಮ್ಮ ಸಂಸದರು ಮತ್ತು ಶಾಸಕರೂ ಮುಂದಿನ ಆಯವ್ಯಯಕ್ಕೆ ಮೊದಲು ಶಿರಸಿಯಲ್ಲಿ ಒಂದು ಸಭೆ ಸೇರಿ, ಸಂಶೋಧಕರನ್ನೂ ಕಾಡಂಚಿನ ಪಂಚಾಯಿತಿಗಳ ಸದಸ್ಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಕರೆದು ಈ ಠಾಣೆಯ ಕುರಿತು ತೀರ್ಮಾನ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಠಾಣೆಗೆ ಜಾಗ ಹುಡುಕುವುದು ಕಷ್ಟವಾದರೆ, ನಮ್ಮ ಊರಿನ ಹಳೆಯ ಅಡಿಕೆ ದಾಸ್ತಾನು ಮನೆಯನ್ನು ತಾತ್ಕಾಲಿಕವಾಗಿ ಬಿಟ್ಟುಕೊಡಲು ನಾವು ಕೆಲವು ಬೆಳೆಗಾರರು ಮಾತಾಡಿಕೊಂಡು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ,
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ